ಬೇಟೆಯ ನಾಡಿಗೆ ನಾಯಿಯೊಡನೆ

ಉದ್ಯೋಗನಿಮಿತ್ತವಾಗಿಯೋ ವಿದ್ಯಾರ್ಜನೆಗಾಗಿಯೋ ಯುರೋಪಿಗೆ ಹೊರಡುವ ನಮ್ಮವರಲ್ಲಿ, ಸಾಕಿದ ನಾಯಿಯನ್ನೂ ಸಂಸಾರದ ಲೆಕ್ಕಕ್ಕೇ ಸೇರಿಸಿಕೊಂಡು, ಅದನ್ನು ಬಂಧುಗಳ ಮನೆಯಲ್ಲಿ ಬಿಟ್ಟುಹೋಗಲು ಮನಸ್ಸು ಬಾರದೆ ಜೊತೆಯಲ್ಲೇ ಕರೆದೊಯ್ಯುವವರು ಈಗ ಅಪರೂಪವಲ್ಲ. ಅಂಥವರು ಪಡುವ ಪಾಡೂ ಸಾಮಾನ್ಯವಾದುದಲ್ಲ. ನಾಯಿಯ ಚರ್ಮದಡಿಯಲ್ಲಿ ಮೈಕ್ರೋಚಿಪ್ ಇಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಅಂಗೀಕೃತ ಪ್ರಯೋಗಶಾಲೆಯೊಂದು ಆ ರಕ್ತದಲ್ಲಿ ಪ್ರತಿಕಾಯದ ಪ್ರಮಾಣವು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನಕ್ಕೆ ಕಡಿಮೆಯಿಲ್ಲವೆಂದು ಬರೆದುಕೊಟ್ಟ ಮೇಲೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾದಿದ್ದು, ಕೊನೆಯಲ್ಲಿ ಪ್ರಾಣಿಗಳ ಕ್ವಾರಂಟೈನ್ ಕಛೇರಿಯ ಆರೋಗ್ಯಪತ್ರವನ್ನು ಹಿಡಿದು ವಿಮಾನನಿಲ್ದಾಣಕ್ಕೆ ಹೋಗಬೇಕು. ಬ್ರಿಟನ್ನಿಗಾದರೆ ಯಜಮಾನನ ಕಾಲ ಬಳಿ ಮಲಗಿ ಪ್ರಯಾಣಮಾಡುವ ಭಾಗ್ಯವೂ ನಾಯಿಗಿಲ್ಲ; ಸರಕಿನ ಪಟ್ಟಿಯಲ್ಲಿ ನಮೂದಾಗಿಯೇ ಅದು ಹೋಗತಕ್ಕದ್ದು.

ಇಷ್ಟೆಲ್ಲ ಸನ್ನಾಹದ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳಿಕೊಂಡಂತೆ ಕಾಣುವುದಿಲ್ಲ. ಹೋಗಿ ಸೇರುವ ಊರಿನ ಅಂಚಿನಲ್ಲಿ ಕಾಡುಂಟು, ಹುಲ್ಲುಗಾವಲುಂಟು. ರಜಾದಿನದ ಬೆಳಗ್ಗೆ ನಾಯಿಯನ್ನು ಅಲ್ಲಿಗೆ ಕರೆದೊಯ್ದು, ಮನದಣಿಯೆ ಓಡಾಡಲೆಂದು ಕೊರಳ ಹಗ್ಗವನ್ನು ಬಿಚ್ಚಿದಾಗ, ಪೊದೆಯೊಳಗಿನಿಂದ ಮೊಲವೊಂದು ಛಂಗನೆ ನೆಗೆದು ಓಡಿ, ನಾಯಿಯೂ ಅದರ ಬೆನ್ನುಹತ್ತಿದರೆ, ಆ ನಾಡಿನ ಕಾನೂನು ಏನೆನ್ನುತ್ತದೆ? ಹೇಳುವುದು ಬಹಳಷ್ಟಿದೆ. ಜರ್ಮನಿ, ಬ್ರಿಟನ್, ಸ್ವೀಡನ್ ಮೊದಲಾದ ದೇಶಗಳಲ್ಲಿ ಬೇಟೆಯೆಂಬುದು ಗತಿಸಿಹೋದ ರಾಜವಿನೋದವಲ್ಲ. ಭೂಮಿಯ ಒಡೆತನದೊಡನೆ ಹೆಣೆದುಕೊಂಡ, ಋತುಮಾನಕ್ಕೆ ಕಟ್ಟುಬಿದ್ದ, ಪರೀಕ್ಷೆ ಪರವಾನಗಿ ಗುತ್ತಿಗೆಗಳಿಂದ ಕೂಡಿದ ಜೀವಂತ ವ್ಯವಸ್ಥೆ. ಬಂದೂಕನ್ನು ಜನ್ಮದಲ್ಲಿ ಮುಟ್ಟದವನೂ, ಇರುವೆಯ ಗೂಡಿಗೆ ಸಕ್ಕರೆ ಹಾಕುವ ಮನೆತನದವನೂ, ನಾಯಿಯ ಯಜಮಾನನಾದ ಮಾತ್ರಕ್ಕೆ ಆ ವ್ಯವಸ್ಥೆಯೊಳಕ್ಕೆ ಕಾಲಿಟ್ಟವನೇ ಆಗುತ್ತಾನೆ; ಏಕೆಂದರೆ ಊರೊಳಗೆ ಸಾಕುಪ್ರಾಣಿಯೆನಿಸಿಕೊಂಡ ನಾಯಿಯು ಕಾಡಿನ ಎಲ್ಲೆಯನ್ನು ದಾಟಿದೊಡನೆ ಅಲ್ಲಿಯವರ ಕಣ್ಣಿಗೆ ಪರವಾನಗಿಯಿಲ್ಲದ ಬೇಟೆಗಾರನಾಗಿ ಕಾಣುತ್ತದೆ.

ನಮ್ಮಲ್ಲಿ ಈ ಅರಿವು ಬೆಳೆಯದಿರುವುದಕ್ಕೆ ಕಾರಣವಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ನಮ್ಮ ದೇಶದಲ್ಲಿ ಬೇಟೆಯನ್ನು ಬಹುಮಟ್ಟಿಗೆ ನಿಷೇಧಿಸಿಯೇಬಿಟ್ಟಿತು. ಕೊಲ್ಲುವುದಷ್ಟೇ ಅಲ್ಲ, ಬಲೆಯೊಡ್ಡುವುದು, ಸೋವುವುದು, ಬೆನ್ನಟ್ಟುವುದು ಇವೂ ಬೇಟೆಯೇ ಎಂಬಷ್ಟು ವ್ಯಾಪಕವಾದ ವ್ಯಾಖ್ಯೆ ಅದರದು. ಆದರೆ ಬೇಟೆ ಅಪರಾಧವಾದ ಮೇಲೆ ಬೇಟೆಯ ನಿಯಮಗಳನ್ನು ಕಲಿಯುವ ಅಗತ್ಯ ಗೃಹಸ್ಥನಿಗೆ ಉಳಿಯಲಿಲ್ಲ. ನಾಯಿ ಮಾತ್ರ ಬೀದಿಯಲ್ಲಿಯೂ ಹೊಲದಲ್ಲಿಯೂ ಎಂದಿನಂತೆ ಸ್ವಚ್ಛಂದವಾಗಿಯೇ ಉಳಿಯಿತು. ಬೇಟೆ ನಿಷಿದ್ಧವಾದ ನಾಡಿನಲ್ಲಿ ನಾಯಿಗೆ ಸ್ವಾತಂತ್ರ್ಯ, ಬೇಟೆ ಸಮ್ಮತವಾದ ನಾಡಿನಲ್ಲಿ ಅದಕ್ಕೆ ಕಟ್ಟುಪಾಡು! ಮೇಲ್ನೋಟಕ್ಕೆ ಇದು ತಲೆಕೆಳಗಾದ ನ್ಯಾಯವೆಂದು ತೋರುವುದಾದರೂ, ಒಳಹೊಕ್ಕು ನೋಡಿದವನಿಗೆ ಅದರ ತರ್ಕ ಕಾಣದೆ ಹೋಗದು. ಬೇಟೆಗೆ ಬೆಲೆಯುಳ್ಳಲ್ಲಿ ಮೃಗಕ್ಕೆ ಒಡೆಯನೊಬ್ಬನಿರುತ್ತಾನೆ ಅಥವಾ ಲೆಕ್ಕವಿಡುವವನೊಬ್ಬನಿರುತ್ತಾನೆ. ಆ ಲೆಕ್ಕದಲ್ಲಿ ಪರರ ನಾಯಿಗೆ ಸ್ಥಳವಿಲ್ಲ.

ಎಲ್ಲ ನಾಯಿಗಳಿಗೂ ಈ ಮಾತು ಒಂದೇ ಪ್ರಮಾಣದಲ್ಲಿ ಅನ್ವಯಿಸದೆನ್ನುವುದೂ ನಿಜ. ಸೋಫಾದ ಮೇಲೆ ನಿದ್ರಿಸುವ ಪಗ್ ಜಾತಿಯ ನಾಯಿ ಮೊಲದ ವಂಶಕ್ಕೆ ಯಾವ ಅಪಾಯವನ್ನೂ ತರಲಾರದು. ಆದರೆ ನಮ್ಮ ಮುಧೋಳದ ನಾಯಿಯ ಮಾತು ಬೇರೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತು ಹೆಸರುಮಾಡಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಏರಿದ, ತಿಮ್ಮಾಪುರದ ಸಂಶೋಧನ ಕೇಂದ್ರದಲ್ಲಿ ಇಂದಿಗೂ ತಳಿಯ ಶುದ್ಧಿಯನ್ನು ಕಾಪಾಡಿಕೊಂಡು ಬರುತ್ತಿರುವ ಈ ನೀಳಕಾಯದ ನಾಯಿ, ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿಗೆ ಕಂಡುದನ್ನು ಓಡಿ ಹಿಡಿಯುವ ಜಾತಿಯದು. ದೂರದಲ್ಲಿ ಏನೋ ಚಲಿಸಿತೆಂದರೆ, ನಾವು ಅದೇನೆಂದು ನಿಟ್ಟಿಸಿ ನೋಡುವಷ್ಟರಲ್ಲಿ ಅದು ಅರ್ಧ ಬಯಲನ್ನು ದಾಟಿರುತ್ತದೆ. ಬಾಗಲಕೋಟೆಯ ಎರೆಹೊಲದಲ್ಲಿ ಮೆಚ್ಚುಗೆಗೆ ಪಾತ್ರವಾಗುವ ಈ ಗುಣವೇ ಇಂಗ್ಲೆಂಡಿನ ಲಿಂಕನ್‌ಷೈರಿನ ಹೊಲದಲ್ಲಿ ಪೊಲೀಸರ ಗಮನಕ್ಕೆ ಪಾತ್ರವಾಗಬಹುದು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಜರ್ಮನಿಯನ್ನು ನೋಡೋಣ. ಏಕೆಂದರೆ ಬೇಟೆಯ ಕಾನೂನನ್ನು ಜರ್ಮನರು ಕಟ್ಟಿರುವಷ್ಟು ಸಾಂಗವಾಗಿ ಕಟ್ಟಿರುವವರು ವಿರಳ. ಹಿಂದೆ ಅಲ್ಲಿಯ ಸಂಸ್ಥಾನಗಳಲ್ಲಿ ಬೇಟೆಯ ಹಕ್ಕು ಅರಸರದೂ ಸಾಮಂತರದೂ ಆಗಿತ್ತು. ಹೊಲವನ್ನು ಕಾಡುಹಂದಿ ಅಗೆದು ಹಾಳುಮಾಡಿದರೂ ಒಕ್ಕಲಿಗನು ಅದನ್ನು ಮುಟ್ಟುವಂತಿರಲಿಲ್ಲ. ಮೇಲಾಗಿ ಒಡೆಯನು ಬೇಟೆಗೆ ಬಂದ ದಿನ ಹಳು ಸೋವುವುದಕ್ಕೆ ಬಿಟ್ಟಿಯಾಳಾಗಿ ಹೋಗಬೇಕಾಗಿತ್ತು. 1848ರ ಕ್ರಾಂತಿಯು ಈ ವಿಶೇಷಾಧಿಕಾರವನ್ನು ಕಿತ್ತುಹಾಕಿ ಬೇಟೆಯ ಹಕ್ಕನ್ನು ನೆಲದ ಒಡೆಯನಿಗೆ ಕೊಟ್ಟಿತು. ಆದರೆ ಪ್ರತಿಯೊಬ್ಬ ರೈತನೂ ತನ್ನ ತುಂಡು ಹೊಲದಲ್ಲಿ ಬಂದೂಕು ಹಿಡಿದು ನಿಂತರೆ ಮೃಗಸಂತತಿ ಉಳಿಯುವುದೆಂತು? ಎರಡೇ ವರ್ಷಗಳಲ್ಲಿ ಪ್ರಷ್ಯವು ಒಂದು ಉಪಾಯವನ್ನು ಕಂಡುಕೊಂಡಿತು. ಹಕ್ಕು ಒಡೆಯನದೇ, ಅದನ್ನು ಚಲಾಯಿಸುವುದಕ್ಕೆ ಮಾತ್ರ ಸುಮಾರು 75 ಹೆಕ್ಟೇರಿನ ಅಖಂಡ ಭೂಮಿ ಬೇಕು. ಆ ಸಂಖ್ಯೆಯೂ ಆ ತತ್ತ್ವವೂ ಈಗ ಜಾರಿಯಲ್ಲಿರುವ, 1952ರಲ್ಲಿ ಅಂಗೀಕೃತವಾದ ಒಕ್ಕೂಟದ ಬೇಟೆ ಕಾನೂನಿನಲ್ಲಿಯೂ ಹಾಗೆಯೇ ಉಳಿದುಬಂದಿವೆ. ಅಷ್ಟು ಭೂಮಿಯಿಲ್ಲದ ಹಿಡುವಳಿದಾರರೆಲ್ಲ ಸೇರಿ ಊರಿನ ಸಹಕಾರ ಸಂಘವಾಗುತ್ತಾರೆ. ಸಂಘವು ತನ್ನ ಪ್ರದೇಶದ ಬೇಟೆಯನ್ನು, ಸಾಮಾನ್ಯವಾಗಿ ಒಂಬತ್ತು ವರ್ಷಗಳಿಗೆ ಕಡಿಮೆಯಿಲ್ಲದಂತೆ, ಗುತ್ತಿಗೆಗೆ ಕೊಡುತ್ತದೆ. ಹೀಗೆ ಏರ್ಪಟ್ಟ ಪ್ರದೇಶಕ್ಕೆ ರೆವೀರ್ ಎಂದು ಹೆಸರು.

ನಮ್ಮವನೊಬ್ಬನು ಮ್ಯೂನಿಕ್ಕಿನ ಹೊರವಲಯದಲ್ಲಿ ನಾಯಿಯೊಡನೆ ನಡೆಯುವಾಗ ಅವನ ಕಣ್ಣಿಗೆ ಕಾಣುವುದು ಮರ, ಹುಲ್ಲು, ಕಾಲುದಾರಿ. ಕಾಣದಿರುವುದು ಆ ನೆಲದ ಮೇಲೆ ಹಾಸಿಕೊಂಡಿರುವ ಈ ರೆವೀರಿನ ನಕ್ಷೆ. ಊರುಕೇರಿಗಳನ್ನು ಬಿಟ್ಟರೆ ಹೊಲವಾಗಲಿ ಕಾಡಾಗಲಿ ಬಹುಪಾಲು ಭೂಮಿ ಒಂದಲ್ಲ ಒಂದು ರೆವೀರಿಗೆ ಸೇರಿದ್ದು, ಪ್ರತಿಯೊಂದಕ್ಕೂ ಹೆಸರುಳ್ಳ ಬೇಟೆಗಾರನೊಬ್ಬನಿರುತ್ತಾನೆ. ಆತನು ಬರಿಯ ಬಂದೂಕುಗಾರನಲ್ಲ. ಬರವಣಿಗೆಯ ಪರೀಕ್ಷೆ, ಬಾಯ್ದೆರೆಯ ಪರೀಕ್ಷೆ, ಗುರಿಯ ಪರೀಕ್ಷೆ ಈ ಮೂರನ್ನೂ ದಾಟಿ ಪರವಾನಗಿ ಪಡೆದಿರಬೇಕು. ಎಷ್ಟು ಜಿಂಕೆಯನ್ನು ಕೊಲ್ಲಬೇಕೆಂಬುದಕ್ಕೂ ಯಾವಾಗ ಕೊಲ್ಲಬಾರದೆಂಬುದಕ್ಕೂ ಲೆಕ್ಕ ಒಪ್ಪಿಸಬೇಕು. ಕಾಡುಹಂದಿ ರೈತನ ಜೋಳವನ್ನು ಹಾಳುಮಾಡಿದರೆ ಗುತ್ತಿಗೆಯ ಕರಾರಿನ ಮೇರೆಗೆ ಅನೇಕ ವೇಳೆ ತನ್ನ ಕೈಯಿಂದಲೇ ಪರಿಹಾರ ಕೊಡಬೇಕು. ಮೃಗಗಳನ್ನು ಪಾಲಿಸುವ ಕರ್ತವ್ಯವನ್ನು ಬೇಟೆಯ ಹಕ್ಕಿನೊಡನೆಯೇ ಕಾನೂನು ಅವನ ಕೊರಳಿಗೆ ಕಟ್ಟಿದೆ. ಇಂಥ ನಾಲ್ಕು ಲಕ್ಷಕ್ಕೂ ಮಿಕ್ಕ ಪರವಾನಗಿದಾರರು ಆ ದೇಶದಲ್ಲಿದ್ದಾರೆ. ಹಣವನ್ನೂ ಹೊತ್ತನ್ನೂ ಹೀಗೆ ಸುರಿದವನೊಬ್ಬನ ರೆವೀರಿನಲ್ಲಿ ನಮ್ಮ ನಾಯಿ ಗಬ್ಬದ ಜಿಂಕೆಯನ್ನು ಅಟ್ಟಿಸಿಕೊಂಡು ಹೋದರೆ ಅವನಿಗೆ ಹೇಗೆ ಕಾಣಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅವನ ಹಕ್ಕು ಎಷ್ಟು ಸೂಕ್ಷ್ಮವಾದುದೆಂದರೆ, ಸತ್ತುಬಿದ್ದ ಬೇಟೆಯ ಮೃಗವೂ ಅವನದು, ಬೇಟೆಯ ಹಕ್ಕಿಯ ಮೊಟ್ಟೆಯೂ ಅವನದು, ಗಂಡುಜಿಂಕೆಯ ತಲೆಯಿಂದ ಕಾಲಕ್ಕೆ ಸರಿಯಾಗಿ ತಾನಾಗಿ ಉದುರಿದ ಕೊಂಬೂ ಅವನದು. ಮಕ್ಕಳು ಆಡುತ್ತ ಆಡುತ್ತ ಕಾಡಿನಲ್ಲಿ ಸಿಕ್ಕ ಕೊಂಬನ್ನು ಮನೆಗೆ ತಂದು ನಾಯಿಗೆ ಕಡಿಯಲು ಕೊಟ್ಟರೆ, ನಮ್ಮ ಕಣ್ಣಿಗೆ ಅದು ನಿರಪರಾಧವಾದ ಲೀಲೆ; ದಂಡಸಂಹಿತೆಯ 292ನೆಯ ವಿಧಿಯ ಕಣ್ಣಿಗೆ ಪರರ ಬೇಟೆಯ ಹಕ್ಕಿನ ಅಪಹಾರ. ಅದೇ ವಿಧಿಯಡಿಯಲ್ಲಿ, ಅನ್ಯರ ರೆವೀರಿನಲ್ಲಿ ಬುದ್ಧಿಪೂರ್ವಕವಾಗಿ ನಾಯಿಯನ್ನು ಮೊಲದ ಮೇಲೆ ಛೂ ಬಿಟ್ಟವನು ಕಳ್ಳಬೇಟೆಗಾರನೆನಿಸಿ, ಜುಲ್ಮಾನೆಗೋ ಮೂರು ವರ್ಷದವರೆಗಿನ ಸೆರೆಮನೆ ವಾಸಕ್ಕೋ ಗುರಿಯಾಗಬಹುದು. ರಾತ್ರಿ ಕಾರಿಗೆ ಸಿಕ್ಕಿ ಸತ್ತ ಜಿಂಕೆಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವುದೂ ಇದೇ ಸಾಲಿಗೆ ಸೇರುತ್ತದೆ. ಪೊಲೀಸರಿಗೆ ತಿಳಿಸಿ ನಿಲ್ಲಬೇಕು, ಅವರು ರೆವೀರಿನವನನ್ನು ಕರೆಸುತ್ತಾರೆ.

ನಾಯಿ ತಾನಾಗಿಯೇ ಓಡಿಹೋದರೆ? ಹೊಸದಾಗಿ ಹೋದವರನ್ನು ಬೆಚ್ಚಿಬೀಳಿಸುವ ಸಂಗತಿ ಇಲ್ಲಿಯೇ ಇದೆ. ಜರ್ಮನಿಯ ಹಲವು ರಾಜ್ಯಗಳ ಕಾನೂನಿನಂತೆ, ಯಜಮಾನನ ಅಂಕೆ ತಪ್ಪಿ ಮೃಗವನ್ನು ಅಟ್ಟುತ್ತಿರುವುದು ಪ್ರತ್ಯಕ್ಷವಾಗಿ ಕಾಣುವ ನಾಯಿಯನ್ನು, ಬೇರೆ ಯಾವ ಉಪಾಯದಿಂದಲೂ ತಡೆಯಲಾಗದ ಪಕ್ಷದಲ್ಲಿ, ರೆವೀರಿನ ಬೇಟೆಗಾರನು ಗುಂಡಿಟ್ಟು ಕೊಲ್ಲಬಹುದು. ಕುರುಡರ ದಾರಿ ತೋರುವ ನಾಯಿ, ಪೊಲೀಸು ನಾಯಿ, ಕುರಿ ಕಾಯುವ ನಾಯಿ, ಬೇಟೆಯ ಕೆಲಸದಲ್ಲಿ ತೊಡಗಿರುವ ನಾಯಿ, ಇವುಗಳಿಗೆ ವಿನಾಯಿತಿಯುಂಟು. ಮನೆಯ ಮುದ್ದಿನ ನಾಯಿಗಿಲ್ಲ. ಕೆಲವು ರಾಜ್ಯಗಳು ಈಚೆಗೆ ಈ ಅಧಿಕಾರವನ್ನು ಸಂಕೋಚಗೊಳಿಸಿವೆ. ಪ್ರಾಣಿದಯಾಪರರು ಅದನ್ನು ನಿರ್ಮೂಲಮಾಡಬೇಕೆಂದು ಒತ್ತಾಯಿಸುತ್ತಲೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಜುಲ್ಮಾನೆಯಿಂದ ತಿದ್ದಬಹುದಾದ ಯಜಮಾನನ ಅಜಾಗರೂಕತೆಗೆ ನಾಯಿಯ ಪ್ರಾಣವನ್ನು ದಂಡವಾಗಿ ತೆರಿಸುವುದು ನ್ಯಾಯವೆಂದು ತೋರುವುದಿಲ್ಲ. ಆದರೆ ನನ್ನ ಅಭಿಪ್ರಾಯ ಅಲ್ಲಿಯ ಕಾಡಿನಲ್ಲಿ ನಡೆಯದು. ನಡೆಯುವುದು ರಾಜ್ಯದ ಕಾನೂನು.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆಂಬುದನ್ನೂ ನೆನಪಿಡತಕ್ಕದ್ದು. ನೀಡರ್‌ಸಾಕ್ಸೆನ್ ರಾಜ್ಯದಲ್ಲಿ ಏಪ್ರಿಲ್ 1ರಿಂದ ಜುಲೈ 15ರವರೆಗೆ ಕಾಡಿನಲ್ಲಿಯೂ ಬಯಲಿನಲ್ಲಿಯೂ ನಾಯಿಯನ್ನು ಹಗ್ಗದಲ್ಲಿಯೇ ಹಿಡಿದಿರಬೇಕು. ಹೊಸದಾಗಿ ನಾಯಿ ಸಾಕುವವನು ತನಗೆ ನಾಯಿಯ ವಿಷಯ ತಿಳಿದಿದೆಯೆಂದು ಪರೀಕ್ಷೆ ಕೊಟ್ಟು ತೋರಿಸುವ ನಿಯಮವೂ ಅಲ್ಲಿದೆ. ನೋರ್ಡ್‌ರೈನ್-ವೆಸ್ಟ್‌ಫಾಲೆನ್‌ನಲ್ಲಿ ಕಾಡಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದರೆ ಹಗ್ಗ ಕಡ್ಡಾಯ. ಬವೇರಿಯದಲ್ಲಿ ರಾಜ್ಯಕ್ಕೆಲ್ಲ ಒಂದೇ ಹಗ್ಗದ ಕಾಲವೆಂಬುದಿಲ್ಲ, ಆದರೆ ಬೇಟೆಯ ಪ್ರದೇಶದಲ್ಲಿ ನಾಯಿಯನ್ನು ಮೇಲ್ವಿಚಾರಣೆಯಿಲ್ಲದೆ ಬಿಡುವುದು ತಪ್ಪು. ನಾಯಿಯ ಮೇಲಿನ ಪುರಸಭೆಯ ತೆರಿಗೆ, ಕೆಲವೆಡೆ ಕಡ್ಡಾಯವಾದ ಹೊಣೆಗಾರಿಕೆಯ ವಿಮೆ, ಇವೆಲ್ಲ ಬೇರೆಯೇ. ಹೋಗಿ ಇಳಿದ ವಾರವೇ ಊರಿನ ಪುರಸಭೆಯ ಕಛೇರಿಯಲ್ಲಿ ಕೇಳಿಕೊಳ್ಳುವುದು ಜಾಣತನ.

ಏಪ್ರಿಲಿನಿಂದ ಜುಲೈವರೆಗಿನ ಈ ಅವಧಿಯನ್ನು ಯಾವನೋ ಗುಮಾಸ್ತನು ಪಂಚಾಂಗ ನೋಡಿ ಗೊತ್ತುಮಾಡಿದ್ದಲ್ಲ. ಯುರೋಪಿನ ಸಣ್ಣ ಜಾತಿಯ ಜಿಂಕೆಯಾದ ರೋ ಮರಿಯಿಕ್ಕುವುದು ಮೇ ಜೂನ್ ತಿಂಗಳುಗಳಲ್ಲಿ. ತಾಯಿ ತನ್ನ ಮರಿಯನ್ನು ಎತ್ತರವಾದ ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಮೈಮೇಲೆ ಬಿಳಿಯ ಚುಕ್ಕೆಗಳನ್ನು ಹೊತ್ತ, ದೇಹಗಂಧವು ಇಲ್ಲವೆಂಬಷ್ಟು ಅಲ್ಪವಾಗಿರುವ ಆ ಎಳೆಯ ಪ್ರಾಣಿಗೆ ಅಪಾಯ ಬಂದಾಗ ಓಡಬೇಕೆಂಬ ಪ್ರವೃತ್ತಿ ಮೊದಲ ವಾರಗಳಲ್ಲಿ ಹುಟ್ಟಿರುವುದಿಲ್ಲ. ಅಲುಗಾಡದೆ ಮಲಗಿರುವುದೊಂದೇ ಅದಕ್ಕೆ ಗೊತ್ತಿರುವ ರಕ್ಷೋಪಾಯ. ಅದರಿಂದಲೇ ಹುಲ್ಲು ಕೊಯ್ಯುವ ಯಂತ್ರಕ್ಕೂ ಅದು ಸುಲಭವಾಗಿ ಬಲಿಯಾಗುವುದು. ಈಗೀಗ ಕೊಯ್ಲಿನ ದಿನ ಮುಂಜಾನೆ ಬೇಟೆಗಾರರೇ ಡ್ರೋನ್ ಹಾರಿಸಿ ಮರಿಗಳನ್ನು ಹುಡುಕಿ ಎತ್ತಿ ಪಕ್ಕಕ್ಕಿಡುವುದುಂಟು. ಯಂತ್ರದಿಂದ ತಪ್ಪಿಸಿಕೊಂಡದ್ದನ್ನು ನಾಯಿ ಕಂಡುಹಿಡಿದೀತು. ನೆಲದ ಮೇಲೆ ಗೂಡುಕಟ್ಟುವ ಬಾನಾಡಿ, ಟಿಟ್ಟಿಭ, ಗೌಜಲುಗಳ ವಿಷಯವೂ ಇಷ್ಟೇ: ನಾಯಿ ಕಚ್ಚಬೇಕಾದ್ದಿಲ್ಲ, ಎರಡು ಸಲ ಹತ್ತಿರ ಸುಳಿದು ತಾಯಿಹಕ್ಕಿಯನ್ನು ಎಬ್ಬಿಸಿದರೆ ಸಾಕು, ಮೊಟ್ಟೆ ತಣ್ಣಗಾಗುತ್ತದೆ.

ಹೇಮಂತದಲ್ಲಿ ಚಿತ್ರವೇ ಬೇರೆ. ಅಕ್ಟೋಬರಿನಿಂದ ಜನವರಿಯವರೆಗೆ ಗುಂಪುಬೇಟೆಯ ಕಾಲ. ಹಳು ಸೋವುವವರು ನಾಯಿಗಳೊಡನೆ ಕಾಡನ್ನು ತಡಕುತ್ತ ಬಂದರೆ, ಬಿಲ್ಲಿಗೆ ಕೂತ ಬೇಟೆಗಾರರು ಕಾಡುಹಂದಿಗಾಗಿ ಕಾಯುತ್ತಿರುತ್ತಾರೆ. ಮಲೆನಾಡಿನ ಹಳಬರಿಗೆ ಈ ಕ್ರಮ ಹೊಸದೆನಿಸಲಾರದು. ರಸ್ತೆಯಲ್ಲಿ ಎಚ್ಚರಿಕೆಯ ಫಲಕವಿರುತ್ತದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ನಾಯಿಗಳು ಕೊರಳಿನಲ್ಲಿ ಉಪಗ್ರಹದೊಡನೆ ಮಾತಾಡುವ ಯಂತ್ರವನ್ನು ಕಟ್ಟಿಕೊಂಡು ಅಡ್ಡಾದಿಡ್ಡಿ ಓಡುತ್ತಿರುತ್ತವೆ. ಆ ದಿನ ಆ ಕಡೆಗೆ ನಾಯಿಯನ್ನು ಕರೆದೊಯ್ಯದಿರುವುದೇ ಲೇಸು. ಸಂಜೆ ಬೇಟೆ ಮುಗಿದ ಮೇಲೆ ಕೊಂದ ಮೃಗಗಳನ್ನು ಜಾತಿವಾರಾಗಿ ಸಾಲಾಗಿ ಮಲಗಿಸಿ, ಒಂದೊಂದು ಜಾತಿಗೂ ಗೊತ್ತಾದ ಸ್ವರದಲ್ಲಿ ಕೊಂಬನ್ನೂದುತ್ತಾರೆ. ಮೃಗದ ಬಾಯಲ್ಲಿ ಹಸುರು ಟೊಂಗೆಯೊಂದನ್ನು ಕಡೆಯ ತುತ್ತೆಂದು ಇಡುತ್ತಾರೆ. ಸಾಲನ್ನು ದಾಟಿಕೊಂಡು ಹೋಗುವುದು ಅಪಚಾರ. ಗಾಯಗೊಂಡು ಅಡಗಿದ ಮೃಗವನ್ನು ನಾಯಿ ಹುಡುಕಿಕೊಟ್ಟಿದ್ದರೆ ಬೇಟೆಗಾರನ ಟೋಪಿಗೆ ಸಲ್ಲುವ ಟೊಂಗೆಯಲ್ಲಿ ನಾಯಿಗೂ ಒಂದು ಪಾಲುಂಟು, ಅದನ್ನು ಅದರ ಕೊರಳಪಟ್ಟಿಗೆ ಸಿಕ್ಕಿಸುತ್ತಾರೆ. ನವೆಂಬರ್ 3, ಬೇಟೆಗಾರರ ಸಂತನಾದ ಹ್ಯೂಬರ್ಟನ ದಿನ. ಅಂದಿನ ಆಸುಪಾಸಿನಲ್ಲಿ ಎಷ್ಟೋ ಚರ್ಚುಗಳಲ್ಲಿ ಕೊಂಬಿನ ವಾದ್ಯದೊಡನೆ ಪೂಜೆ ನಡೆಯುತ್ತದೆ.

ಕೊಂದ ಮೇಲೆ ಈ ಗೌರವವೇನು ಎಂದು ನಗುವವರು ನಗಬಹುದು. ಆದರೆ ಬೇಟೆನಾಯಿಗೆ ಸಲ್ಲುವ ಗೌರವ ಕನ್ನಡಿಗನಿಗೆ ಅಪರಿಚಿತವಾದುದಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಶಕವರ್ಷ 872ರ ಶಿಲಾಶಾಸನವನ್ನು ಕಂಡವರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆತನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಂದರೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೆ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿಯನ್ನು ಬಿಟ್ಟರು. ಜರ್ಮನಿಯ ಟೊಂಗೆ ಬಾಡುತ್ತದೆ. ಆತಕೂರಿನ ಕಲ್ಲು ಸಾವಿರ ವರ್ಷ ಕಳೆದರೂ ಇದೆ.

ಬ್ರಿಟನ್ನಿನ ಕಥೆ ಬೇರೆಯೇ ಜಾಡಿನದು. ಅಲ್ಲಿ ಬಂದೂಕಿನ ಬೇಟೆಗೆ ಅಡ್ಡಿಯಿಲ್ಲ; ನಾಯಿಗಳನ್ನು ಬಿಟ್ಟು ಕಾಡುಪ್ರಾಣಿಯನ್ನು ಅಟ್ಟಿಸಿ ಹಿಡಿಸುವುದಕ್ಕೆ ಇದೆ. ಕೆಂಪು ಕೋಟು ತೊಟ್ಟು ಕುದುರೆಯೇರಿ, ಹತ್ತಾರು ಜೊತೆ ನಾಯಿಗಳ ಹಿಂದೆ ನರಿಯನ್ನು ಅಟ್ಟುತ್ತಿದ್ದ ಆ ವಿಖ್ಯಾತ ವಿನೋದವನ್ನು ಬ್ರಿಟಿಷರು ನಮ್ಮ ನೆರೆಯ ನೀಲಗಿರಿಗೂ ತಂದು, ಅವರ ಊರಿನ ನರಿಯ ಬದಲು ಇಲ್ಲಿಯ ಗುಳ್ಳೆನರಿಯನ್ನು ಉದಕಮಂಡಲದ ಹುಲ್ಲುಗುಡ್ಡಗಳಲ್ಲಿ ಅಟ್ಟಿಸಿದ್ದುಂಟು. ತವರಿನಲ್ಲಿ ಅದು ವರ್ಗಕಲಹದ ವಿಷಯವೇ ಆಯಿತು. ಹಳ್ಳಿಗಾಡಿನವರು ಲಕ್ಷಗಟ್ಟಲೆ ಲಂಡನ್ನಿನ ಬೀದಿಗಿಳಿದರು. ಪ್ರತಿಭಟನಕಾರರು ಕಾಮನ್ಸ್ ಸಭೆಯೊಳಕ್ಕೇ ನುಗ್ಗಿದರು. ಲಾರ್ಡ್ಸ್ ಸಭೆಯ ವಿರೋಧವನ್ನು ಮೀರಿ 2004ರ ನವೆಂಬರಿನಲ್ಲಿ ಅಂಗೀಕೃತವಾದ ಕಾನೂನು 2005ರ ಫೆಬ್ರವರಿ 18ರಿಂದ ಇಂಗ್ಲೆಂಡ್ ವೇಲ್ಸುಗಳಲ್ಲಿ ಜಾರಿಗೆ ಬಂದಿತು. ಸ್ಕಾಟ್ಲೆಂಡ್ 2002ರಲ್ಲೇ ತನ್ನದನ್ನು ಮಾಡಿಕೊಂಡಿತ್ತು. 2023ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇಂದಿಗೂ ಡಿಸೆಂಬರ್ 26ರಂದು ಕುದುರೆ ನಾಯಿಗಳ ಮೇಳ ಊರ ಚೌಕದಲ್ಲಿ ನೆರೆಯುತ್ತದೆ, ಆದರೆ ಅದು ಮೊದಲೇ ಎಳೆದಿಟ್ಟ ವಾಸನೆಯ ಜಾಡನ್ನು ಹಿಡಿದು ಓಡುವ ಆಟವೆಂದು ಹೇಳಿಕೆ. ಹೇಳಿಕೆಯಷ್ಟೇ, ಒಳಗೆ ಹಳೆಯ ಬೇಟೆಯೇ ನಡೆಯುತ್ತಿದೆಯೆಂದು ವಿರೋಧಿಗಳ ಆಕ್ಷೇಪ. ಈ ಜಾಡಿನ ಆಟವನ್ನೂ ನಿಷೇಧಿಸುವುದಾಗಿ ಲೇಬರ್ ಪಕ್ಷ 2024ರ ಚುನಾವಣೆಯ ಪ್ರಣಾಳಿಕೆಯಲ್ಲಿ ಮಾತುಕೊಟ್ಟಿತು.

ನಮ್ಮ ಗೃಹಸ್ಥನಿಗೆ ಇದರಿಂದೇನು? ಆ ಕಾನೂನು ಕೆಂಪು ಕೋಟಿನವರಿಗೆ ಮಾತ್ರ ಬರೆದದ್ದಲ್ಲ. ಒಬ್ಬನೇ ಮನುಷ್ಯ ಒಂದೇ ನಾಯಿಯನ್ನು ಮೊಲದ ಮೇಲೆ ಬಿಟ್ಟು ನೋಡಿ ನಲಿದರೂ ಅದು ಅಪರಾಧವೇ. ಆದರೆ ಅಪರಾಧಕ್ಕೆ ಉದ್ದೇಶ ಬೇಕು. ತನ್ನ ಇಚ್ಛೆಗೆ ವಿರುದ್ಧವಾಗಿ ನಾಯಿ ಓಡಿಹೋದವನು ಬೇಟೆಯಾಡಿದವನಲ್ಲವೆಂಬುದು 2009ರ ಉಚ್ಚ ನ್ಯಾಯಾಲಯದ ತೀರ್ಪಿನಿಂದ ನಿಷ್ಪನ್ನವಾಗುತ್ತದೆ. ವಿನಾಯಿತಿಗಳಲ್ಲಿ ಒಂದು ವಿನೋದವಿದೆ: ಹೊಲದಲ್ಲಿ ಬಿಲ ತೋಡಿ ಬದುಕುವ ಸಣ್ಣ ಮೊಲವನ್ನೂ ಇಲಿಯನ್ನೂ, ಭೂಮಿಯ ಒಡೆಯನ ಒಪ್ಪಿಗೆಯಿದ್ದರೆ, ನಾಯಿಯಿಂದ ಹಿಡಿಸಬಹುದು, ಬಯಲಿನಲ್ಲಿ ಮಲಗುವ ನೀಳಗಿವಿಯ ದೊಡ್ಡ ಮೊಲವನ್ನು ಹಿಡಿಸುವಂತಿಲ್ಲ. ಎರಡನ್ನೂ ಮೊಲವೆಂದೇ ಕರೆಯುವ ನಮಗೆ ಈ ಭೇದ ತಿಳಿಯುವುದೇ ಕಷ್ಟ. ನಾಯಿಗೆ ತಿಳಿಸಿ ಹೇಳುವವರಾರು?

ದೊಡ್ಡ ಮೊಲದ ಬಗೆಗೆ ಅಷ್ಟು ಕಟ್ಟುನಿಟ್ಟು ಏಕೆಂದರೆ, ಅದನ್ನು ಎರಡು ಓಟದ ನಾಯಿಗಳ ಮುಂದೆ ಬಿಟ್ಟು ಪಂತ ಕಟ್ಟುವ ಜೂಜು ಆ ನಾಡಿನಲ್ಲಿ ಬಹುಕಾಲ ನಡೆದುಬಂದಿತ್ತು. 1836ರಲ್ಲಿ ಮೊದಲಾದ ವಾಟರ್ಲೂ ಕಪ್ ಎಂಬ ಪಂದ್ಯ 2005ರಲ್ಲಿ ಕೊನೆಗೊಂಡಿತು. ಜೂಜು ಕೊನೆಗೊಳ್ಳಲಿಲ್ಲ, ಕತ್ತಲೆಗೆ ಸರಿಯಿತು. ಕೊಯ್ಲಾದ ಹೊಲಗಳಿಗೆ ಜೀಪು ನುಗ್ಗಿಸಿ, ಬೇಲಿ ಮುರಿದು, ತಡೆಯಬಂದ ರೈತರನ್ನು ಬೆದರಿಸುವ ತಂಡಗಳ ಕಾಟ ಹೆಚ್ಚಿದ್ದರಿಂದ 2022ರ ಕಾನೂನು ಮೊಲವನ್ನಟ್ಟುವ ಉದ್ದೇಶದಿಂದ ನಾಯಿಯೊಡನೆ ಅತಿಕ್ರಮಪ್ರವೇಶ ಮಾಡುವುದನ್ನೇ ಅಪರಾಧವೆಂದು ಸಾರಿ, ಸೆರೆವಾಸವನ್ನೂ ಮಿತಿಯಿಲ್ಲದ ಜುಲ್ಮಾನೆಯನ್ನೂ ವಿಧಿಸಿದ್ದಲ್ಲದೆ, ನಾಯಿ ಸಾಕುವ ಹಕ್ಕನ್ನೇ ಕಿತ್ತುಕೊಳ್ಳುವ ಅಧಿಕಾರವನ್ನೂ ನ್ಯಾಯಾಲಯಕ್ಕೆ ಕೊಟ್ಟಿತು. ಆ ತಂಡಗಳು ಬಳಸುವುದು ಗ್ರೇಹೌಂಡಿನ ಕುಲದ ನಾಯಿಗಳನ್ನು. ನಮ್ಮ ಮುಧೋಳದ ನಾಯಿಗೂ ಅವಕ್ಕೂ ದೂರದಿಂದ ವ್ಯತ್ಯಾಸ ಕಾಣದು. ಲಿಂಕನ್‌ಷೈರಿನ ಹೊಲದಂಚಿನಲ್ಲಿ ಅಂಥ ನಾಯಿಯೊಡನೆ ನಿಂತವನು ಕಾಲುದಾರಿ ಬಿಟ್ಟು ಒಳಗಿಳಿಯದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಆ ನಾಡಿನಲ್ಲಿ ಮೊಲಕ್ಕಿಂತಲೂ ಕುರಿ ದೊಡ್ಡ ಸಂಗತಿ. ಕುರಿಮಂದೆಯನ್ನು ನಾಯಿ ಅಟ್ಟಿದರೆ, ಕಚ್ಚದೆ ಹೋದರೂ, 1953ರ ಕಾನೂನಿನಂತೆ ಯಜಮಾನನು ತಪ್ಪಿತಸ್ಥ. ಗಬ್ಬದ ಕುರಿ ಗಾಬರಿಯಿಂದಲೇ ಕಂದು ಹಾಕುತ್ತದೆ. ಮಂದೆಯನ್ನು ಕಾಪಾಡಲು ಬೇರೆ ದಾರಿಯಿಲ್ಲದೆ ನಾಯಿಗೆ ಗುಂಡಿಕ್ಕಿದ ರೈತನು 48 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಿದ್ದರೆ 1971ರ ಕಾನೂನು ಅವನ ಬೆನ್ನಿಗಿದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ತೆರೆದಿರುವ ಗುಡ್ಡಗಾಡುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರಿಗೆ ಮೀರದ ಹಗ್ಗ. ಮಂದೆಯ ಹತ್ತಿರವಾದರೆ ವರ್ಷವಿಡೀ ಅದೇ ನಿಯಮ. ಗ್ರೌಸ್ ಹಕ್ಕಿಯ ಬೇಟೆ ನಡೆಯುವ ಗುಡ್ಡಗಳಿಗೆ ನಾಯಿಯ ಪ್ರವೇಶವನ್ನೇ ಒಡೆಯರು ವರ್ಷಗಟ್ಟಲೆ ನಿಲ್ಲಿಸಬಹುದು. ಆ ಹಕ್ಕಿಯ ಬೇಟೆ ಆಗಸ್ಟ್ 12ರಂದು ಮೊದಲಾಗುತ್ತದೆ; ಫೆಸೆಂಟಿನದು ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ.

ಸ್ವೀಡನ್ನಿನ ನಿಯಮ ನನಗೆ ಎಲ್ಲಕ್ಕಿಂತ ತಿಳಿಯಾಗಿ ತೋರುತ್ತದೆ. ಯಾರ ಕಾಡಿನಲ್ಲಾದರೂ ಯಾರಾದರೂ ತಿರುಗಾಡಬಹುದು, ಕಾಡುಹಣ್ಣು ಕೀಳಬಹುದು. ಆದರೆ ಆ ಸ್ವಾತಂತ್ರ್ಯ ಮನುಷ್ಯನಿಗೆ, ಅವನ ನಾಯಿಗಲ್ಲ. ಮಾರ್ಚ್ 1ರಿಂದ ಆಗಸ್ಟ್ 20ರವರೆಗೆ, ಮೃಗಗಳಿರುವ ಪ್ರದೇಶದಲ್ಲಿ ನಾಯಿ ಓಡಿಹೋಗದಂತೆ ನೋಡಿಕೊಳ್ಳುವ ಹೊಣೆ ಯಜಮಾನನದು. ಉಳಿದ ಕಾಲದಲ್ಲಿಯೂ ಬೇಟೆಯ ಕೆಲಸಕ್ಕಲ್ಲದೆ ಅದು ಮೃಗವನ್ನು ಅಟ್ಟಬಾರದು. ಮಾರ್ಚಿನಲ್ಲೇ ಆರಂಭವೇಕೆ? ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಹಿಮದ ಮೇಲೆ ಗಟ್ಟಿಯಾದ ಹೊಪ್ಪಳಿಕೆ ಏರ್ಪಡುತ್ತದೆ. ನಾಯಿಯ ಅಗಲವಾದ ಪಾದವನ್ನು ಅದು ಹೊರುತ್ತದೆ, ಜಿಂಕೆಯ ಚೂಪಾದ ಗೊರಸು ಅದನ್ನು ಒಡೆದು ಒಳಕ್ಕೆ ಹೂತುಹೋಗುತ್ತದೆ. ಚಳಿಗಾಲವೆಲ್ಲ ಅರೆಹೊಟ್ಟೆಯಲ್ಲಿದ್ದು ಬಸವಳಿದ ಪ್ರಾಣಿಗೆ ಆಗ ನೂರು ಗಜದ ಓಟವೂ ಮರಣಾಂತಿಕ. ಶರತ್ಕಾಲದಲ್ಲಿ ಮೂಸ್ ಎಂಬ ಮಹಾಕಾಯದ ಜಿಂಕೆಯ ಬೇಟೆ ಅಲ್ಲಿ ಊರಹಬ್ಬದಂತೆ ನಡೆಯುತ್ತದೆ. ಕಛೇರಿಗಳಲ್ಲಿ ಜನ ರಜೆ ಹಾಕಿ ಹೋಗುತ್ತಾರೆ. ಮೂಸನ್ನು ಕಂಡ ನಾಯಿ ಅದರ ಮೇಲೆ ಬೀಳದೆ, ಸುತ್ತ ಬೊಗಳುತ್ತ ಬೇಟೆಗಾರ ಬರುವವರೆಗೆ ಅದನ್ನು ನಿಂತಲ್ಲೇ ನಿಲ್ಲಿಸಿಡಬೇಕು. ಹೀಗೆ ದೂರ ಹೋಗಿ ಒಂಟಿಯಾಗಿ ಬೊಗಳುವ ನಾಯಿಗಳು ತೋಳಗಳಿಗೆ ಆಹುತಿಯಾಗುವುದೂ ಉಂಟು. ನಾರ್ವೆಯಲ್ಲಿ ಹಗ್ಗದ ಕಾಲ ಏಪ್ರಿಲ್ 1ರಿಂದ ಆಗಸ್ಟ್ 20. ಕುರಿಯನ್ನು ಕಂಡರೆ ಮುಖ ತಿರುಗಿಸುವಂತೆ ನಾಯಿಯನ್ನು ಪಳಗಿಸಿ ಅದಕ್ಕೆ ಪ್ರಮಾಣಪತ್ರ ಪಡೆಯುವ ಪದ್ಧತಿ ಅಲ್ಲಿದೆ. ಫ್ರಾನ್ಸಿನಲ್ಲಿ ಏಪ್ರಿಲ್ 15ರಿಂದ ಜೂನ್ 30ರವರೆಗೆ ಕಾಡಿನ ಹಾದಿಯಿಂದಾಚೆಗೆ ಹಗ್ಗವಿಲ್ಲದ ನಾಯಿ ಕಾಲಿಡುವಂತಿಲ್ಲ.

ಕಾನೂನಿಗಿಂತ ನಿರ್ದಯವಾದದ್ದು ರೋಗ. ಯುರೋಪಿನ ಕಾಡುಹಂದಿಗಳಲ್ಲಿ ಆಯೆಸ್ಕಿ ರೋಗದ ವೈರಾಣು ಅಲ್ಲಲ್ಲಿ ಉಳಿದುಕೊಂಡಿದೆ. ಹಂದಿ ಅದನ್ನು ಹೊತ್ತು ಓಡಾಡಿಕೊಂಡಿರುತ್ತದೆ; ಹಂದಿಯ ಹಸಿಮಾಂಸವನ್ನೋ ಬೇಟೆಗಾರರು ಬಿಟ್ಟುಹೋದ ಕರುಳನ್ನೋ ತಿಂದ ನಾಯಿ ಮಾತ್ರ ತಡೆಯಲಾರದ ತುರಿಕೆಯಿಂದ ಮೈಯನ್ನು ಪರಚಿಕೊಳ್ಳುತ್ತ ಕೆಲವೇ ದಿನಗಳಲ್ಲಿ ಸಾಯುತ್ತದೆ. ಚಿಕಿತ್ಸೆಯಿಲ್ಲ. ಆದ್ದರಿಂದ ಕಾಡಿನಲ್ಲಿ ನಾಯಿ ಏನನ್ನೋ ಬಾಯಲ್ಲಿ ಕಚ್ಚಿಕೊಂಡರೆ ಕೂಡಲೇ ಉಗುಳಿಸುವ ಅಭ್ಯಾಸವನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಆಫ್ರಿಕಾದ ಹಂದಿಜ್ವರವು ನಾಯಿಗೆ ಅಂಟುವುದಿಲ್ಲ, ಆದರೆ ಸತ್ತ ಹಂದಿಯನ್ನು ಮೂಸಿದ ನಾಯಿಯ ಕಾಲಿನಿಂದ ಅದು ಹಂದಿಸಾಕಣೆಯ ಕೊಟ್ಟಿಗೆಗೆ ಹೋಗಬಹುದು. 2020ರಲ್ಲಿ ಜರ್ಮನಿಯಲ್ಲಿ ಅದು ಕಾಣಿಸಿಕೊಂಡಂದಿನಿಂದ ಸೋಂಕಿನ ವಲಯಗಳಲ್ಲಿ ಹಗ್ಗ ಬಿಚ್ಚುವಂತಿಲ್ಲ. ನಾರ್ವೆ, ಫಿನ್ಲೆಂಡ್, ಐರ್ಲೆಂಡ್, ಮಾಲ್ಟ, ಬ್ರಿಟನ್ನುಗಳನ್ನು ಪ್ರವೇಶಿಸುವ ಮುನ್ನ 24ರಿಂದ 120 ಗಂಟೆಗಳೊಳಗೆ ವೈದ್ಯರಿಂದ ನಾಯಿಗೆ ಕೊಡಿಸಬೇಕಾದ ಲಾಡಿಹುಳುವಿನ ಮದ್ದು, ಹಲವರು ಕಾಗದದ ಶಾಸ್ತ್ರವೆಂದು ಬಗೆಯುವುದು, ನಿಜಕ್ಕೂ ಕಾಡಿನ ನರಿಗಳ ಹೊಟ್ಟೆಯಲ್ಲಿ ವಾಸಿಸುವ, ಮನುಷ್ಯನ ಯಕೃತ್ತನ್ನು ತಿನ್ನುವ ಒಂದು ಹುಳುವನ್ನು ಗಡಿಯಾಚೆಗೆ ತಡೆಯುವ ಉಪಾಯ.

ಇಷ್ಟಾದ ಮೇಲೂ ಒಂದು ದಿನ ನಾಯಿ ಕೈತಪ್ಪಿ ಓಡಿಹೋಗುವುದು ಸಾಧ್ಯ. ಜರ್ಮನಿಯಲ್ಲಾದರೆ ಆಗ ಮಾಡತಕ್ಕ ಮೊದಲ ಕೆಲಸ ಪೊಲೀಸರಿಗೂ ಆ ರೆವೀರಿನ ಬೇಟೆಗಾರನಿಗೂ ಸುದ್ದಿ ಮುಟ್ಟಿಸುವುದು. ಅವನು ಯಾರೆಂಬುದನ್ನು ಊರಿನ ಆಡಳಿತ ಕಛೇರಿಯಿಂದ ಮುಂಚೆಯೇ ವಿಚಾರಿಸಿ, ಒಮ್ಮೆ ಎದುರಾದಾಗ ನಮಸ್ಕಾರ ಹೇಳಿ, ನಾಯಿಯ ಗುರುತು ಹಿಡಿಸಿಟ್ಟುಕೊಂಡಿದ್ದರೆ ಆ ಕರೆಯ ಧಾಟಿಯೇ ಬೇರೆಯಾಗುತ್ತದೆ. ಅಪರಿಚಿತ ನಾಯಿಯನ್ನು ಕೋವಿಯ ಮೊನೆಯಿಂದ ನೋಡುವವನು ಪರಿಚಿತ ನಾಯಿಯನ್ನು ಹುಡುಕಿಕೊಡಲು ತನ್ನ ನಾಯಿಯೊಡನೆ ತಾನೇ ಬಂದಾನು. ನಾಯಿಯನ್ನು ಕೂಗುತ್ತ ಕಾಡಿನಲ್ಲೆಲ್ಲ ಅಲೆಯುವುದರಿಂದ ಅದು ಇನ್ನಷ್ಟು ದಿಕ್ಕುಗೆಡುತ್ತದೆ. ಅಲ್ಲಿಯ ಬೇಟೆಗಾರರು ತಮ್ಮ ನಾಯಿ ಮರಳಿ ಬಾರದಿದ್ದಾಗ ಅದನ್ನು ಬಿಟ್ಟ ಜಾಗದಲ್ಲಿಯೇ ತಾವು ತೊಟ್ಟ ಅಂಗಿಯನ್ನೋ ಕಂಬಳಿಯನ್ನೋ ಹಾಸಿ, ಪಕ್ಕದಲ್ಲಿ ನೀರಿಟ್ಟು, ಕೆಲವು ಗಂಟೆಗಳ ಮೇಲೆ ಅಥವಾ ಮರುದಿನ ಬೆಳಗ್ಗೆ ಬಂದು ನೋಡುತ್ತಾರೆ; ತನ್ನ ಹೆಜ್ಜೆಯ ವಾಸನೆಯನ್ನೇ ಹಿಡಿದು ಹಿಂದಿರುಗಿದ ನಾಯಿ ಅದರ ಮೇಲೆ ಮಲಗಿರುವುದು ಅವರ ಅನುಭವ. ಮೈಕ್ರೋಚಿಪ್ಪಿನ ಸಂಖ್ಯೆಯನ್ನು ಆ ದೇಶದ ನೋಂದಣಿಯಲ್ಲಿ ಅಲ್ಲಿಯ ವಿಳಾಸ, ದೂರವಾಣಿಗಳೊಡನೆ ಬರೆಸಿರಬೇಕಾದ್ದೂ ಅಗತ್ಯ. ಬೆಂಗಳೂರಿನ ಹಳೆಯ ದೂರವಾಣಿ ಸಂಖ್ಯೆಯೇ ಅದರ ಮುಂದೆ ಉಳಿದುಕೊಂಡಿದ್ದರೆ, ನಾಯಿ ಸಿಕ್ಕಿದ ಸುದ್ದಿಯನ್ನು ಹೇಳುವುದಕ್ಕೂ ಯಾರಿಗೂ ದಾರಿಯಿರುವುದಿಲ್ಲ.